ಸೆರಾಂಪುರ ಒಡಂಬಡಿಕೆ (1805)

ಸೆರಾಂಪುರ ಒಡಂಬಡಿಕೆಯು ಬಂಗಾಳದ ಸೆರಾಂಪುರದಲ್ಲಿ (ಶ್ರೀರಾಂಪುರ) ನೆಲೆಸಿದ್ದ ಬ್ಯಾಪ್ಟಿಸ್ಟ್ ಮಿಷನರಿಗಳು ತಮ್ಮ ನಡತೆ, ದುಡಿಮೆ ಹಾಗೂ ಪರಸ್ಪರ ಹೊಣೆಗಾರಿಕೆಯ ಕುರಿತು 1805ರ ಅಕ್ಟೋಬರ್ ತಿಂಗಳಲ್ಲಿ ಒಪ್ಪಿಕೊಂಡ ಲಿಖಿತ ನಿಯಮಾವಳಿ. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಇದಕ್ಕೆ ಸಹಿ ಹಾಕಿದವರಲ್ಲಿ ಪ್ರಮುಖರು. ತಾಯ್ನಾಡಿನಿಂದ ದೂರವಿದ್ದು, ಮೇಲ್ವಿಚಾರಕರ ಕಣ್ಣಿಗೆ ಬೀಳದೆ ದುಡಿಯುವ ಮಿಷನರಿಗಳು ಯಾರಿಗೆ ಉತ್ತರ ಹೇಳಬೇಕು, ಯಾರಿಂದ ಸಲಹೆ ಪಡೆಯಬೇಕು ಎಂಬ ಪ್ರಶ್ನೆಯ ಚರ್ಚೆಯಲ್ಲಿ ಈ ದಾಖಲೆ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಹಿನ್ನೆಲೆ

ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಯು 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್ ಪಟ್ಟಣದಲ್ಲಿ ಸ್ಥಾಪನೆಯಾಯಿತು. ಅಂದು ಸೇರಿದ ವಂತಿಗೆಯ ವಾಗ್ದಾನ 13 ಪೌಂಡ್ 2 ಷಿಲಿಂಗ್ 6 ಪೆನ್ಸ್ ಮಾತ್ರ. ಚಮ್ಮಾರ ವೃತ್ತಿಯಿಂದ ಬಂದಿದ್ದ ಕೇರಿಯವರಿಗೆ ಆಂಡ್ರೂ ಫುಲ್ಲರ್, ಜಾನ್ ಸಟ್‌ಕ್ಲಿಫ್, ಜಾನ್ ರೈಲೆಂಡ್ ಮತ್ತು ಸ್ಯಾಮ್ಯುಯೆಲ್ ಪಿಯರ್ಸ್ ಆಪ್ತರೂ ಸಲಹೆಗಾರರೂ ಆಗಿದ್ದರು. ಸೊಸೈಟಿಯ ಕಾರ್ಯದರ್ಶಿಯಾದ ಫುಲ್ಲರ್, ಗಣಿಯೊಳಗೆ ಇಳಿಯುವವನಿಗೆ ಮೇಲಿನವರು ಹಗ್ಗ ಹಿಡಿದು ನಿಲ್ಲುವಂತೆ ತಾವು ನಿಲ್ಲಬೇಕಾಗಿದೆ ಎಂದು ತಮ್ಮ ಹೊಣೆಯನ್ನು ವರ್ಣಿಸುತ್ತಿದ್ದರು. ಅವರು ಭಾರತವನ್ನು ಒಮ್ಮೆಯೂ ಕಂಡವರಲ್ಲ. ಆದರೆ ನಿಧಿ ಸಂಗ್ರಹಕ್ಕಾಗಿ ಸ್ಕಾಟ್ಲೆಂಡಿಗೆ ಐದು ಬಾರಿ ಪ್ರಯಾಣ ಮಾಡಿದರು ಮತ್ತು 1815ರಲ್ಲಿ ತೀರಿಕೊಳ್ಳುವವರೆಗೂ ಮಿಷನರಿಗಳೊಂದಿಗೆ ಪತ್ರವ್ಯವಹಾರ ನಡೆಸಿದರು.

ಅಂದಿನ ಪತ್ರವ್ಯವಹಾರದ ವೇಗವನ್ನು ಇಲ್ಲಿ ಗಮನಿಸಬೇಕು. ಕೇರಿಯವರ ಸಮುದ್ರಯಾನಕ್ಕೆ 1793ರ ಜೂನ್‌ನಿಂದ ನವೆಂಬರ್‌ವರೆಗೆ ಐದು ತಿಂಗಳು ಹಿಡಿಯಿತು. ಬಂಗಾಳದಿಂದ ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರಲು ಸುಮಾರು ಒಂದು ವರ್ಷ ಕಾಯಬೇಕಾಗಿತ್ತು. ಈ ಅಂತರದ ಪರಿಣಾಮವನ್ನು ಮೊದಲ ವರ್ಷಗಳಲ್ಲೇ ಕಾಣಬಹುದು. ಜೊತೆಗಾರ ಜಾನ್ ಥಾಮಸ್ ಹಣದ ವಿಷಯದಲ್ಲಿ ಎಚ್ಚರಿಕೆಯಿಲ್ಲದವರಾಗಿದ್ದು ಸಾಲದಲ್ಲಿ ಮುಳುಗಿದ್ದರು. ಕೇರಿಯವರ ಕುಟುಂಬ ಕಲ್ಕತ್ತೆಯಲ್ಲಿ ಬರಿಗೈಯಾಯಿತು. 1794ರಲ್ಲಿ ಮಗ ಪೀಟರ್ ತೀರಿಕೊಂಡ. ಪತ್ನಿ ಡೊರೊಥಿ ಮಾನಸಿಕ ಅಸ್ವಸ್ಥತೆಗೆ ತುತ್ತಾದರು. ಜೀವನೋಪಾಯಕ್ಕಾಗಿ ಕೇರಿಯವರು ಮದನಾಬಾಟಿಯ ನೀಲಿ ಕಾರ್ಖಾನೆಯ ಮೇಲ್ವಿಚಾರಣೆ ವಹಿಸಿಕೊಂಡಾಗ, ಅವರು ವ್ಯಾಪಾರಕ್ಕೆ ತಿರುಗಿಬಿಟ್ಟಾರೆಂಬ ಆತಂಕ ಇಂಗ್ಲೆಂಡಿನ ಸಮಿತಿಯಲ್ಲಿ ವ್ಯಕ್ತವಾಯಿತು. ಲೆಕ್ಕ ಕೇಳುವವರು ಇದ್ದರು, ಆದರೆ ಕಷ್ಟವನ್ನು ಹತ್ತಿರದಿಂದ ನೋಡಿ ಮಾತನಾಡುವವರು ಇರಲಿಲ್ಲ.

ಸೆರಾಂಪುರದ ಸಹಜೀವನ

1799ರ ಅಕ್ಟೋಬರ್‌ನಲ್ಲಿ ಮಾರ್ಷ್‌ಮನ್, ವಾರ್ಡ್ ಮತ್ತು ಇತರರು ಡೇನಿಷ್ ಆಡಳಿತದಲ್ಲಿದ್ದ ಸೆರಾಂಪುರದಲ್ಲಿ ಬಂದಿಳಿದರು. ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರದೇಶದಲ್ಲಿ ಮಿಷನರಿಗಳಿಗೆ ಅವಕಾಶ ಕೊಡುತ್ತಿರಲಿಲ್ಲ. 1800ರ ಜನವರಿಯಲ್ಲಿ ಕೇರಿಯವರೂ ಅಲ್ಲಿಗೆ ಬಂದು ಸೇರಿದರು. ಅದೇ ತಿಂಗಳು ಅವರೆಲ್ಲರೂ ಒಂದೇ ಕುಟುಂಬವಾಗಿ ಬಾಳಲು ನಿಯಮಗಳನ್ನು ಮಾಡಿಕೊಂಡರು. ಬೋಧನೆ ಮತ್ತು ಪ್ರಾರ್ಥನೆ ಸರದಿಯಂತೆ; ಮನೆವಾರ್ತೆಯ ಮೇಲ್ವಿಚಾರಣೆ ತಿಂಗಳಿಗೊಬ್ಬರದು; ಖಜಾನೆ ಮತ್ತು ಔಷಧಿ ಪೆಟ್ಟಿಗೆ ಕೇರಿಯವರ ವಶ; ಸ್ವಂತ ವ್ಯಾಪಾರ ಯಾರಿಗೂ ಇಲ್ಲ. ಪ್ರತಿ ಶನಿವಾರ ಸಂಜೆ ವಾರದೊಳಗೆ ಹುಟ್ಟಿದ ಭಿನ್ನಾಭಿಪ್ರಾಯಗಳನ್ನು ಬಗೆಹರಿಸಿಕೊಳ್ಳಲು ಮೀಸಲಾಗಿತ್ತು. ನಂತರದ ದೀರ್ಘ ದಾಖಲೆಗಿಂತಲೂ ಈ ಶನಿವಾರದ ಕೂಟವೇ ಹೆಚ್ಚು ಪರಿಣಾಮಕಾರಿಯಾಗಿತ್ತೆಂದು ಹೇಳಬಹುದು. ಮುನಿಸು ಪತ್ರದ ಮೂಲಕ ಇಂಗ್ಲೆಂಡಿಗೆ ತಲುಪುವ ಮೊದಲೇ ಎದುರೆದುರು ಕುಳಿತು ತೀರಿಸಿಕೊಳ್ಳುವ ಅವಕಾಶ ಅಲ್ಲಿತ್ತು.

ಆದಾಯವೆಲ್ಲವೂ ಸಾಮಾನ್ಯ ನಿಧಿಗೆ ಸೇರುತ್ತಿತ್ತು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ 1801ರಿಂದ ಕೇರಿಯವರಿಗೆ ಸಿಗುತ್ತಿದ್ದ ತಿಂಗಳಿಗೆ 500 ರೂಪಾಯಿ ಸಂಬಳ, ಜೋಶುವಾ ಮತ್ತು ಹನ್ನಾ ಮಾರ್ಷ್‌ಮನ್ ದಂಪತಿಯ ಶಾಲೆಗಳ ಗಳಿಕೆ, ವಾರ್ಡ್ ನಡೆಸುತ್ತಿದ್ದ ಮುದ್ರಣಾಲಯದ ಲಾಭ ಇದರಲ್ಲಿ ಸೇರಿದ್ದವು.

ಒಡಂಬಡಿಕೆಯ ಅಂಶಗಳು

1805ರ ದಾಖಲೆಯಲ್ಲಿ 11 ಅಂಶಗಳಿವೆ. ಜನರ ಆಚಾರವಿಚಾರಗಳನ್ನು ಅರಿಯುವುದು, ಮೂರ್ತಿಗಳಿಗೆ ಹಾನಿ ಮಾಡದಿರುವುದು, ಪೂಜೆಗೆ ಅಡ್ಡಿಪಡಿಸದಿರುವುದು, ಭಾರತೀಯರನ್ನು ಸಮಾನರಂತೆ ಕಾಣುವುದು, ಮತಾಂತರಗೊಂಡವರ ಹೆಸರನ್ನು ಬದಲಿಸದಿರುವುದು, ಸ್ಥಳೀಯರನ್ನು ತರಬೇತುಗೊಳಿಸಿ ಅವರೇ ಸಭೆಗಳ ಪಾಲಕರಾಗುವಂತೆ ಮಾಡುವುದು, ಭಾಷಾಂತರ ಮತ್ತು ಸ್ವಂತ ಆಸ್ತಿಯ ತ್ಯಾಗ ಇವು ಮುಖ್ಯವಾದವು. ಜನವರಿ, ಮೇ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ಭಾನುವಾರ ಪ್ರತಿ ಕೇಂದ್ರದಲ್ಲೂ ಇದನ್ನು ಓದಬೇಕೆಂದು ನಿರ್ಧರಿಸಲಾಯಿತು.

ನಿಯಮವಿದ್ದ ಮಾತ್ರಕ್ಕೆ ಲೋಪ ತಪ್ಪಲಿಲ್ಲ. 1807ರಲ್ಲಿ ಸೆರಾಂಪುರ ಮುದ್ರಣಾಲಯದಿಂದ ಹೊರಬಂದ ಪರ್ಷಿಯನ್ ಕಿರುಪುಸ್ತಿಕೆಯೊಂದರಲ್ಲಿ ಪ್ರವಾದಿ ಮುಹಮ್ಮದರ ಕುರಿತು ನಿಂದನೀಯ ಪದಗಳಿದ್ದವು. ಲಾರ್ಡ್ ಮಿಂಟೋ ಸರ್ಕಾರ ತೀವ್ರವಾಗಿ ಆಕ್ಷೇಪಿಸಿತು. ಅನುವಾದಕ ಸೇರಿಸಿದ ಮಾತುಗಳು ತಮ್ಮ ಗಮನಕ್ಕೆ ಬಂದಿರಲಿಲ್ಲವೆಂದು ಮಿಷನರಿಗಳು ವಿಷಾದ ಸೂಚಿಸಿದರು. ಮುದ್ರಣಕ್ಕೆ ಮೊದಲು ಪರಿಶೀಲನೆ ನಡೆದಿರಲಿಲ್ಲವೆಂಬುದನ್ನೇ ಈ ವಿವರಣೆ ತೋರಿಸುತ್ತದೆ.

ಫೆಲಿಕ್ಸ್ ಕೇರಿ

ಹಿರಿಯರ ಮಾರ್ಗದರ್ಶನಕ್ಕೆ ಕೇರಿಯವರ ಹಿರಿಯ ಮಗ ಫೆಲಿಕ್ಸ್ ಅವರ ಜೀವನ ಒಂದು ನಿದರ್ಶನ. ತಾಯಿಯ ಅಸ್ವಸ್ಥತೆ ಮತ್ತು ತಂದೆಯ ಕೆಲಸದ ಒತ್ತಡದಿಂದ ಹೇಳಕೇಳುವವರಿಲ್ಲದೆ ಬೆಳೆದಿದ್ದ ಅವರನ್ನು ತಿದ್ದಿದವರು ಹನ್ನಾ ಮಾರ್ಷ್‌ಮನ್ ಮತ್ತು ವಾರ್ಡ್. ಮುಂದೆ ಅವರು ಮಿಷನರಿಯಾಗಿ ಬರ್ಮಾಕ್ಕೆ ತೆರಳಿದರು. 1814ರಲ್ಲಿ ದೋಣಿ ಮುಳುಗಿ ಅವರ ಪತ್ನಿ ಮತ್ತು ಮಕ್ಕಳು ನೀರುಪಾಲಾದರು. ಆ ಬಳಿಕ ಬರ್ಮಾ ಅರಸನ ರಾಯಭಾರಿಯಾಗಿ ಕಲ್ಕತ್ತೆಗೆ ಬಂದು, ಸಾಲ ಮಾಡಿ, ಅರಸನ ಕೃಪೆಯನ್ನೂ ಕಳೆದುಕೊಂಡು ಕೆಲವು ವರ್ಷ ಅಲೆದಾಡಿದರು. 1818ರ ಸುಮಾರಿಗೆ ಅವರನ್ನು ಸೆರಾಂಪುರಕ್ಕೆ ಮರಳಿ ಕರೆತಂದವರು ವಾರ್ಡ್. 1822ರಲ್ಲಿ ನಿಧನರಾಗುವ ಮುನ್ನ ಫೆಲಿಕ್ಸ್ ಬಂಗಾಳಿಯಲ್ಲಿ 'ವಿದ್ಯಾಹಾರಾವಳಿ' ಎಂಬ ವಿಶ್ವಕೋಶದ ಕೆಲಸ ಮಾಡಿದರು.

ಸೊಸೈಟಿಯೊಂದಿಗಿನ ಒಡಕು

ಸಟ್‌ಕ್ಲಿಫ್ 1814ರಲ್ಲೂ ಫುಲ್ಲರ್ 1815ರಲ್ಲೂ ನಿಧನರಾದ ನಂತರ ಪರಿಸ್ಥಿತಿ ಬದಲಾಯಿತು. ಸೆರಾಂಪುರದವರನ್ನು ಮುಖತಃ ಅರಿಯದ ಹೊಸ ಸದಸ್ಯರು ಸಮಿತಿಯಲ್ಲಿ ಪ್ರಬಲರಾದರು. ಅಲ್ಲಿನ ಆಸ್ತಿ ಯಾರ ಹೆಸರಿನಲ್ಲಿರಬೇಕು, ಅದರ ಮೇಲೆ ಅಧಿಕಾರ ಯಾರದು ಎಂಬ ವಿವಾದ ಎದ್ದಿತು. ತಾವೇ ದುಡಿದು ಕಟ್ಟಿದ್ದರ ನಿರ್ವಹಣೆ ತಮ್ಮಲ್ಲೇ ಉಳಿಯಬೇಕೆಂಬುದು ಹಿರಿಯ ಮಿಷನರಿಗಳ ನಿಲುವು. ಸೊಸೈಟಿಯ ಹೆಸರಿನಲ್ಲಿ ನಡೆಯುವ ಕಾರ್ಯಕ್ಕೆ ಸೊಸೈಟಿಯ ಹಿಡಿತ ಬೇಕೆಂಬುದು ಸಮಿತಿಯ ವಾದ. ಎರಡರಲ್ಲೂ ತಥ್ಯವಿತ್ತು. ಇದೇ ವೇಳೆ ಕೇರಿಯವರ ಸೋದರನ ಮಗ ಯುಸ್ಟೇಸ್ ಕೇರಿ, ವಿಲಿಯಂ ಯೇಟ್ಸ್ ಮೊದಲಾದ ಕಿರಿಯರು ಹಿರಿಯ ಮೂವರ ಯಜಮಾನಿಕೆಯನ್ನು ಒಪ್ಪದೆ ಕಲ್ಕತ್ತೆಯಲ್ಲಿ ಪ್ರತ್ಯೇಕವಾಗಿ ಕೆಲಸ ಆರಂಭಿಸಿದರು. ಸಮಾನರ ನಡುವೆ ರೂಪುಗೊಂಡ ಒಪ್ಪಂದವು ಒಂದು ತಲೆಮಾರಿನ ನಂತರ ಬಂದವರಿಗೆ ಹಿರಿಯರ ಆಜ್ಞೆಯಂತೆ ಕಂಡಿತು. 1827ರಲ್ಲಿ ಸೆರಾಂಪುರ ಮಿಷನ್ ಸೊಸೈಟಿಯಿಂದ ಬೇರ್ಪಟ್ಟಿತು. 1837ರಲ್ಲಿ ಇಬ್ಬರೂ ಮತ್ತೆ ಒಂದಾದಾಗ ವಾರ್ಡ್ ಮತ್ತು ಕೇರಿ ಬದುಕಿರಲಿಲ್ಲ.

ಜೋಶುವಾ ಅವರ ಮಗ ಜಾನ್ ಕ್ಲಾರ್ಕ್ ಮಾರ್ಷ್‌ಮನ್ 1859ರಲ್ಲಿ ಪ್ರಕಟಿಸಿದ ಇತಿಹಾಸವು ಈ ವಿವಾದವನ್ನು ಸೆರಾಂಪುರದ ಪಕ್ಷದಿಂದ ನಿರೂಪಿಸುತ್ತದೆ. ಓದುವಾಗ ಇದು ನೆನಪಿರಬೇಕು.

ಕರ್ನಾಟಕದ ನಂಟು

ಕೇರಿಯವರು ಇಂಗ್ಲಿಷಿನಲ್ಲಿ ರಚಿಸಿದ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಲ್ಲಿ ಮುದ್ರಣಗೊಂಡಿತು. ಅವರು ನಿಧನರಾದ 1834ರಲ್ಲೇ ಬಾಸೆಲ್ ಮಿಷನ್ನಿನ ಮೊದಲ ಮಿಷನರಿಗಳು ಮಂಗಳೂರಿಗೆ ಬಂದರು. ಅವರದು ಬೇರೆಯೇ ಮಾದರಿ: ಮಿಷನರಿಯ ವಿವಾಹಕ್ಕೂ ಬಾಸೆಲ್‌ನ ಸಮಿತಿಯ ಅನುಮತಿ ಬೇಕಾಗಿತ್ತು. ಸಂಸ್ಥೆಯ ಮುಖ್ಯಸ್ಥರಾದ ಇನ್ಸ್‌ಪೆಕ್ಟರ್ ಜೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ತಾವೇ ಭಾರತಕ್ಕೆ ಬಂದು ಇಲ್ಲಿನ ಕೇಂದ್ರಗಳನ್ನು ಪರಿಶೀಲಿಸಿದರು.