ಯಾರಿಗೆ ಚೀಟಿ, ಯಾರಿಗಿಲ್ಲ

ನಿಮ್ಮ ಆಫೀಸಿನ ನೆಟ್‌ವರ್ಕ್ ಟೀಮ್‌ನವರ ಬಾಯಲ್ಲಿ ಎಂಪಿಎಲ್‌ಎಸ್ ಅನ್ನೋ ಮಾತು ಕೇಳಿರ್ತೀರಿ. ಮಲ್ಟಿ ಪ್ರೋಟೋಕಾಲ್ ಲೇಬಲ್ ಸ್ವಿಚಿಂಗ್. ಪ್ಯಾಕೆಟ್‌ನ ನೆತ್ತಿಗೆ ಒಂದು ನಂಬರಿನ ಚೀಟಿ ಅಂಟಿಸಿ, ಮೊದಲೇ ಗೊತ್ತು ಮಾಡಿದ ದಾರಿಯಲ್ಲಿ ಕಳಿಸೋದು. ಇದು ಹುಟ್ಟಿದ್ದು ವೇಗಕ್ಕೆ ಅಂತ ಟ್ರೈನಿಂಗ್‌ನಲ್ಲಿ ನನಗೂ ಹೇಳಿಕೊಟ್ಟಿದ್ರು. ಹುಟ್ಟಿದ್ದು ವೇಗಕ್ಕೇ. ಬದುಕಿದ ಕಾರಣ ಬೇರೆ.

ತೊಂಬತ್ತರ ದಶಕದ ನಡುವೆ ರೌಟರ್‌ಗಳು ಏದುಸಿರು ಬಿಡುತ್ತಿದ್ದವು. ಪ್ರತಿ ಪ್ಯಾಕೆಟ್‌ಗೂ ವಿಳಾಸ ಓದಿ, ದೊಡ್ಡ ಪಟ್ಟಿಯಲ್ಲಿ ಅತಿ ಉದ್ದದ ಹೊಂದಾಣಿಕೆ ಹುಡುಕಬೇಕು. ಪಕ್ಕದಲ್ಲೇ ಎಟಿಎಂ ಸ್ವಿಚ್ (ದುಡ್ಡಿನದ್ದಲ್ಲ!) ಪುಟ್ಟ ನಂಬರ್ ನೋಡಿ 53 ಬೈಟಿನ ಸೆಲ್‌ಗಳನ್ನು ಸರಸರ ದಾಟಿಸುತ್ತಿತ್ತು. 1996ರಲ್ಲಿ ಕ್ಯಾಲಿಫೋರ್ನಿಯಾದ ಇಪ್ಸಿಲಾನ್ ಅನ್ನೋ ಸಣ್ಣ ಕಂಪನಿ ಎರಡನ್ನೂ ಜೋಡಿಸಿತು. ಅವರ ಲೆಕ್ಕಾಚಾರ ನನಗೆ ಇವತ್ತಿಗೂ ಇಷ್ಟ. ಫೈಲ್ ಸಾಗಿಸುವ ಎಫ್‌ಟಿಪಿಯಂಥ ದೀರ್ಘ ಸಂಭಾಷಣೆ ಕಂಡರೆ ಅದಕ್ಕೆ ಸ್ವಿಚ್‌ನ ನೇರ ದಾರಿ. ಒಂದೇ ಪ್ರಶ್ನೆ, ಒಂದೇ ಉತ್ತರದ ಡಿಎನ್‌ಎಸ್ ಆದರೆ ಹಳೇ ಪದ್ಧತಿಯಲ್ಲೇ ಹೋಗಲಿ. ಅಂದರೆ ಯಾವ ಟ್ರಾಫಿಕ್‌ಗೆ ದಾರಿ ಕೊಡಬೇಕು ಅನ್ನೋ ಪ್ರಶ್ನೆ ಮೊದಲ ದಿನದಿಂದಲೇ ಇತ್ತು.

ಅದೇ ವರ್ಷ ಸಿಸ್ಕೋ ‘ಟ್ಯಾಗ್ ಸ್ವಿಚಿಂಗ್’ ತಂದಿತು. ಇಲ್ಲಿ ಸಂಭಾಷಣೆಗಳನ್ನು ಕಾದು ನೋಡೋದಿಲ್ಲ, ರೂಟಿಂಗ್ ಪಟ್ಟಿ ನೋಡಿ ಮುಂಚೆಯೇ ಚೀಟಿ ಹಂಚಿಟ್ಟಿರೋದು. 1997ರಲ್ಲಿ ಐಇಟಿಎಫ್ ಒಂದು ಗುಂಪು ಕಟ್ಟಿತು, ಗೆದ್ದದ್ದು ಹೆಚ್ಚುಕಮ್ಮಿ ಈ ದಾರಿಯೇ. ಆರ್‌ಎಫ್‌ಸಿ 3031 ಹೊರಬಂದಿದ್ದು 2001ರ ಜನವರಿಯಲ್ಲಿ.

ಅಷ್ಟರಲ್ಲಿ ಮದುವೆ ಮುಗಿದಿತ್ತು. 1998ರಲ್ಲೇ ಜೂನಿಪರ್‌ನ ಎಂ40 ಬಂದು, ವಿಳಾಸ ಹುಡುಕುವ ಕೆಲಸವನ್ನು ಚಿಪ್‌ಗೆ ಇಳಿಸಿ, ಸೆಕೆಂಡಿಗೆ 4 ಕೋಟಿ ಪ್ಯಾಕೆಟ್ ಲೆಕ್ಕ ಹೇಳುತ್ತಿತ್ತು. ವೇಗದ ನೆಪ ಅಲ್ಲಿಗೆ ಸತ್ತಿತು.

ಆದರೆ ಯುಯುನೆಟ್‌ನಂಥ ದೊಡ್ಡ ಜಾಲಗಳಿಗೆ ಇನ್ನೊಂದು ತಲೆನೋವಿತ್ತು. ಐಪಿ ಎಲ್ಲರನ್ನೂ ಹತ್ತಿರದ ದಾರಿಗೇ ತಳ್ಳುತ್ತೆ. ಆ ಲಿಂಕ್ ಉಸಿರುಗಟ್ಟಿದರೂ ಪಕ್ಕದ್ದು ಖಾಲಿ ಹೊಡೀತಿರುತ್ತೆ. 1999ರಲ್ಲಿ ಅಲ್ಲಿನ ಎಂಜಿನಿಯರ್‌ಗಳು ಬರೆದ ಆರ್‌ಎಫ್‌ಸಿ 2702 ಕೇಳಿದ್ದು ಇದನ್ನೇ: ಯಾವ ಟ್ರಾಫಿಕ್ ಯಾವ ದಾರಿಯಲ್ಲಿ ಅಂತ ನಾವು ಹೇಳೋ ಹಾಗಿರಬೇಕು. ನಮ್ಮ ಕಡೆ ಕೆರೆ ತೂಬಿನ ಹತ್ತಿರ ನೀರುಗಂಟಿ ಮಾಡ್ತಿದ್ದ ಕೆಲಸ ಇದು. ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನೋದು ತೂಬಿನಲ್ಲೇ ತೀರ್ಮಾನ. ಕಾಲುವೆ ಏನೂ ಕೇಳಲ್ಲ.

ಲೇಬಲ್ ದಾರಿಯೂ ಹಾಗೇ. ಪ್ರವೇಶದ ರೌಟರ್ ಒಮ್ಮೆ ಚೀಟಿ ಅಂಟಿಸಿದ ಮೇಲೆ ನಡುವಿನವರು ನಂಬರ್ ಬದಲಿಸಿ ಮುಂದೆ ದಬ್ಬುತ್ತಾರೆ, ಒಳಗೆ ಯಾರಿದ್ದಾರೆ ಅಂತ ಇಣುಕೋದಿಲ್ಲ. ಅದಕ್ಕೇ ಕಂಪನಿಗಳು ಪ್ರವೇಶದಲ್ಲೇ ಕಾವಲಿಟ್ಟವು. ಜೂನಿಪರ್‌ನಲ್ಲಿ ನೀವೇನೂ ಬದಲಿಸದಿದ್ದರೆ ಬಿಜಿಪಿಯಿಂದ ಕಲಿತ ವಿಳಾಸಗಳಿಗೆ ಮಾತ್ರ ಈ ದಾರಿಗಳು ಕಾಣುತ್ತವೆ. ಎಕ್ಸ್‌ಟ್ರೀಮ್ ಸ್ವಿಚ್‌ನಲ್ಲಿ ಒಂದೊಂದು ದಾರಿಗೂ ಐಪಿ ಟ್ರಾಫಿಕ್‌ಗೆ ಬೇರೆ, ವಿಪಿಎನ್ ಟ್ರಾಫಿಕ್‌ಗೆ ಬೇರೆ ‘ಅಲೋ’, ‘ಡಿನೈ’.

ಇಷ್ಟೊಂದು ಯಾಕೆ ಅಂದ್ರೆ, ಆರ್‌ಎಸ್‌ವಿಪಿ-ಟಿಇಯಲ್ಲಿ ನೀವು 100 ಎಂಬಿಪಿಎಸ್ ಕಾದಿರಿಸಿದರೆ ಅದು ಬರೀ ಪುಸ್ತಕದ ಲೆಕ್ಕ. 300 ಸುರಿದರೂ ಆ ಲೆಕ್ಕ ತಾನಾಗಿ ಕೈ ಅಡ್ಡ ಹಿಡಿಯೋದಿಲ್ಲ. ಅದಕ್ಕೆ ಮಿತಿ ಬೇರೆಯೇ ಹಾಕಬೇಕು. ವಾಯ್ಸ್ ಕಾಲ್‌ಗೆ ಅಂತ ಕಟ್ಟಿದ ದಾರಿಗೆ ರಾತ್ರಿ ಬ್ಯಾಕಪ್ ನುಗ್ಗಿದರೆ ಒದ್ದಾಡೋದು ಆ ಕಡೆ ಫೋನ್ ಹಿಡಿದವರು. ಅವರಿಗೆ ಒಂದು ಅಲೋ-ಡಿನೈ ಸಾಲಿನ ಸುದ್ದಿಯೇ ಗೊತ್ತಿರಲ್ಲ.

ಅಂದ ಹಾಗೆ, ಆ ಚೀಟಿಯ 32 ಬಿಟ್‌ನಲ್ಲಿ ಲೇಬಲ್‌ಗೆ 20. ಮೂರು ಬಿಟ್‌ಗಳಿಗೆ ‘ಎಕ್ಸ್‌ಪೆರಿಮೆಂಟಲ್’ ಅಂತ ಹೆಸರಿಟ್ಟಿದ್ದರು, ಪ್ರಯೋಗಕ್ಕೆ ಅಂತ. ಎಲ್ಲರೂ ಅದನ್ನು ಟ್ರಾಫಿಕ್‌ನ ದರ್ಜೆ ಗುರುತಿಸೋಕೆ ಬಳಸಿ ಬಳಸಿ, ಕೊನೆಗೆ 2009ರಲ್ಲಿ ಐಇಟಿಎಫ್ ಹೆಸರನ್ನೇ ಬದಲಿಸಿತು: ‘ಟ್ರಾಫಿಕ್ ಕ್ಲಾಸ್’.