ಲಿಪಿಡ್

ಲಿಪಿಡ್ ಎಂಬುದು ನೀರಿನಲ್ಲಿ ಕರಗದ, ಆದರೆ ಈಥರ್, ಕ್ಲೋರೋಫಾರ್ಮ್‌ಗಳಂಥ ಸಾವಯವ ದ್ರಾವಕಗಳಲ್ಲಿ ಕರಗುವ ಜೈವಿಕ ಅಣುಗಳ ಸಾಮೂಹಿಕ ಹೆಸರು. ಎಣ್ಣೆ, ತುಪ್ಪಗಳಲ್ಲಿರುವ ಕೊಬ್ಬು, ಮೇಣ, ಕೊಲೆಸ್ಟರಾಲ್, ಎ, ಡಿ, ಇ ಮತ್ತು ಕೆ ಜೀವಸತ್ವಗಳು ಹಾಗೂ ಜೀವಕೋಶದ ಪೊರೆಯನ್ನು ಕಟ್ಟುವ ಫಾಸ್ಫೋಲಿಪಿಡ್‌ಗಳು ಈ ಗುಂಪಿಗೆ ಸೇರುತ್ತವೆ. ಪ್ರೋಟೀನುಗಳಿಗೆ ಅಮೈನೋ ಆಮ್ಲ, ಪಿಷ್ಟಕ್ಕೆ ಗ್ಲೂಕೋಸ್ ಇರುವಂತೆ ಎಲ್ಲ ಲಿಪಿಡ್‌ಗಳಿಗೂ ಸಮಾನವಾದ ಮೂಲ ಘಟಕವೊಂದಿಲ್ಲ. ನೀರಿನೊಂದಿಗೆ ಬೆರೆಯದ ಸ್ವಭಾವವೇ ಇವುಗಳ ಗುರುತು. ‘ಕೊಬ್ಬು’ ಎಂಬ ಪದವನ್ನು ಲಿಪಿಡ್‌ಗೆ ಪರ್ಯಾಯವಾಗಿ ಬಳಸುವುದುಂಟು. ಆದರೆ ಕೊಬ್ಬು ಲಿಪಿಡ್‌ಗಳ ಒಂದು ಬಗೆ ಮಾತ್ರ.

ರಚನೆ

ಫ್ರಾನ್ಸಿನ ರಸಾಯನವಿಜ್ಞಾನಿ ಮಿಶೆಲ್ ಶೆವ್ರಲ್ ಸಾಬೂನನ್ನು ಪರೀಕ್ಷಿಸುತ್ತಾ ಪ್ರಾಣಿಜನ್ಯ ಕೊಬ್ಬಿನಲ್ಲಿ ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಿವೆ ಎಂಬುದನ್ನು ಕಂಡುಕೊಂಡನು. ಈ ಕುರಿತ ಅವನ ಗ್ರಂಥ 1823ರಲ್ಲಿ ಪ್ರಕಟವಾಯಿತು. ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಸೇರಿದರೆ ಟ್ರೈಗ್ಲಿಸರೈಡ್ ಉಂಟಾಗುತ್ತದೆ. ಅಡುಗೆಮನೆಯ ಎಣ್ಣೆಗಳೆಲ್ಲವೂ ಬಹುಪಾಲು ಇದೇ.

ಕೊಬ್ಬಿನಾಮ್ಲವು ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಅದರಲ್ಲಿ ದ್ವಿಬಂಧಗಳಿಲ್ಲದಿದ್ದರೆ ಪರ್ಯಾಪ್ತ, ಇದ್ದರೆ ಅಪರ್ಯಾಪ್ತ. ಪರ್ಯಾಪ್ತ ಸರಪಳಿಗಳು ನೇರವಾಗಿದ್ದು ಒತ್ತೊತ್ತಾಗಿ ಜೋಡಣೆಗೊಳ್ಳುತ್ತವೆ. ನಿಸರ್ಗದಲ್ಲಿ ಸಾಮಾನ್ಯವಾಗಿರುವ ಸಿಸ್ ಮಾದರಿಯ ದ್ವಿಬಂಧವು ಸರಪಳಿಯನ್ನು ಬಾಗಿಸಿ ಆ ಜೋಡಣೆಯನ್ನು ಕೆಡಿಸುತ್ತದೆ. ಚಳಿಗಾಲದ ಮುಂಜಾನೆ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟಿದ್ದರೂ ಪಕ್ಕದ ಎಳ್ಳೆಣ್ಣೆ ಹರಿಯುತ್ತಲೇ ಇರುವುದಕ್ಕೆ ಇದೇ ಕಾರಣ. ಕೊಬ್ಬರಿ ಎಣ್ಣೆಯ ಸುಮಾರು ಅರ್ಧಭಾಗ 12 ಇಂಗಾಲಗಳ ಪರ್ಯಾಪ್ತ ಲಾರಿಕ್ ಆಮ್ಲ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ.

ಶಕ್ತಿಯ ಸಂಗ್ರಹ

ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲರಿ ಶಕ್ತಿ ದೊರೆಯುತ್ತದೆ. ಕಾರ್ಬೋಹೈಡ್ರೇಟ್ ಅಥವಾ ಪ್ರೋಟೀನಿನಿಂದ ಸುಮಾರು 4. ಮೇಲಾಗಿ, ಗ್ಲೈಕೋಜನ್ ನೀರನ್ನು ಹಿಡಿದಿಟ್ಟುಕೊಂಡು ಭಾರವಾಗುತ್ತದೆ, ಕೊಬ್ಬು ಹಾಗಲ್ಲ. ಹಾರುವ ಪ್ರಾಣಿಗೆ ಇದು ದೊಡ್ಡ ಅನುಕೂಲ. ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಸೇರಿದಂತೆ ವಲಸೆ ಹಕ್ಕಿಗಳ ಮುಖ್ಯ ಇಂಧನ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಗಿದೆ.

ಜೀವಕೋಶದ ಪೊರೆ

ಫಾಸ್ಫೋಲಿಪಿಡ್ ಅಣುವಿನಲ್ಲಿ ಗ್ಲಿಸರಾಲ್‌ಗೆ ಎರಡು ಕೊಬ್ಬಿನಾಮ್ಲಗಳು ಮಾತ್ರ ಸೇರಿದ್ದು, ಮೂರನೆಯ ಸ್ಥಾನದಲ್ಲಿ ಫಾಸ್ಫೇಟ್ ಇರುತ್ತದೆ. ಹೀಗಾಗಿ ಅಣುವಿನ ತಲೆ ಜಲಸ್ನೇಹಿ, ಬಾಲಗಳು ಜಲವಿರೋಧಿ. ಇಂಥ ಅಣುಗಳನ್ನು ನೀರಿಗೆ ಹಾಕಿದರೆ ಬಾಲಗಳು ಒಳಮುಖವಾಗಿ, ತಲೆಗಳು ಹೊರಮುಖವಾಗಿ ತಾವಾಗಿಯೇ ಎರಡು ಪದರಗಳಲ್ಲಿ ನಿಲ್ಲುತ್ತವೆ. ಇದಕ್ಕೆ ಕಿಣ್ವವಾಗಲಿ ಬೇರೆ ಶಕ್ತಿಯಾಗಲಿ ಬೇಕಿಲ್ಲ. ಕೆಲವೇ ನ್ಯಾನೋಮೀಟರ್ ದಪ್ಪದ ಈ ದ್ವಿಪದರವು ಕೋಶದ ಒಳಗನ್ನೂ ಹೊರಗನ್ನೂ ಬೇರ್ಪಡಿಸುತ್ತದೆ.

ಪೊರೆಯಲ್ಲಿ ಎರಡು ಪದರಗಳಿವೆ ಎಂಬುದನ್ನು 1925ರಲ್ಲಿ ನೆದರ್‌ಲೆಂಡ್ಸ್‌ನ ಗಾರ್ಟರ್ ಮತ್ತು ಗ್ರೆಂಡೆಲ್ ಸೂಚಿಸಿದರು. ಸಸ್ತನಿಗಳ ಕೆಂಪು ರಕ್ತಕಣದಲ್ಲಿ ಹೊರಪೊರೆಯ ಹೊರತು ಬೇರೆ ಪೊರೆಗಳಿಲ್ಲ. ಆ ಕಣಗಳಿಂದ ತೆಗೆದ ಲಿಪಿಡ್ಡನ್ನು ಅವರು ನೀರಿನ ಮೇಲೆ ಒಂದೇ ಪದರವಾಗಿ ಹರಡಿದಾಗ, ಅದರ ವಿಸ್ತೀರ್ಣ ಕಣಗಳ ಮೇಲ್ಮೈಯ ಎರಡರಷ್ಟಿತ್ತು. ಲಿಪಿಡ್ಡನ್ನು ಪೂರ್ತಿಯಾಗಿ ಹೊರತೆಗೆಯಲು ಅವರಿಗೆ ಆಗಿರಲಿಲ್ಲ. ಕಣದ ಮೇಲ್ಮೈಯನ್ನೂ ವಾಸ್ತವಕ್ಕಿಂತ ಕಡಿಮೆ ಎಣಿಸಿದ್ದರು. ಎರಡು ತಪ್ಪುಗಳೂ ಒಂದನ್ನೊಂದು ಸರಿದೂಗಿಸಿದ್ದರಿಂದ ಉತ್ತರ ಮಾತ್ರ ಸರಿಯಾಗಿ ಬಂದಿತು! ಈ ದ್ವಿಪದರ ದ್ರವದಂತೆ ಚಲನಶೀಲವಾಗಿದ್ದು ಅದರಲ್ಲಿ ಪ್ರೋಟೀನುಗಳು ಹುದುಗಿರುತ್ತವೆ ಎಂಬ ಮಾದರಿಯನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮಂಡಿಸಿದರು.

ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಪೊರೆಯಲ್ಲಿ ಕೊಬ್ಬಿನಾಮ್ಲಗಳ ಬದಲು ಕವಲೊಡೆದ ಐಸೋಪ್ರೀನ್ ಸರಪಳಿಗಳು ಈಥರ್ ಬಂಧದಿಂದ ಗ್ಲಿಸರಾಲ್‌ಗೆ ಸೇರಿರುತ್ತವೆ.

ಶ್ವಾಸಕೋಶದಲ್ಲಿ

ಶ್ವಾಸಕೋಶದ ಗಾಳಿಚೀಲಗಳ ಒಳಮೈ ಒದ್ದೆಯಾಗಿರುವುದರಿಂದ ನೀರಿನ ಮೇಲ್ಮೈ ಎಳೆತವು ಪ್ರತಿ ಉಸಿರು ಬಿಟ್ಟಾಗಲೂ ಅವುಗಳನ್ನು ಮುಚ್ಚಲೆಳೆಯುತ್ತದೆ. ಅದನ್ನು ತಡೆಯುವುದು ಸರ್ಫ್ಯಾಕ್ಟೆಂಟ್ ಎಂಬ ಲೇಪ. ಇದರ ಸುಮಾರು 90 ಪ್ರತಿಶತ ಲಿಪಿಡ್. ಅದರಲ್ಲಿ ಮುಖ್ಯವಾದದ್ದು ಎರಡು ಪಾಲ್ಮಿಟಿಕ್ ಆಮ್ಲಗಳನ್ನು ಹೊತ್ತ ಫಾಸ್ಫೋಲಿಪಿಡ್. ಭ್ರೂಣದಲ್ಲಿ ಇದು ಸಾಕಷ್ಟು ತಯಾರಾಗುವುದು ಗರ್ಭಧಾರಣೆಯ ಕೊನೆಯ ವಾರಗಳಲ್ಲಿ. ಆದ್ದರಿಂದ ಅವಧಿಗೆ ಮುನ್ನ ಹುಟ್ಟಿದ ಶಿಶು ಉಸಿರಾಡಲು ಹೆಣಗುತ್ತದೆ.

ಈ ತೊಂದರೆಗೆ ಸರ್ಫ್ಯಾಕ್ಟೆಂಟ್ ಕೊರತೆ ಕಾರಣವೆಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. ಆದರೆ ಕಾರಣ ತಿಳಿದ ಮಾತ್ರಕ್ಕೆ ಚಿಕಿತ್ಸೆ ಸಿಗಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ, ಹುಟ್ಟಿದ ಎರಡು ದಿನಗಳೊಳಗೆ ತೀರಿಕೊಂಡನು. 1972ರಲ್ಲಿ ನ್ಯೂಜಿಲೆಂಡ್‌ನ ಲಿಗಿನ್ಸ್ ಮತ್ತು ಹೋವಿ, ಅವಧಿಪೂರ್ವ ಹೆರಿಗೆಯ ಸಂಭವವಿರುವ ತಾಯಿಗೆ ಸ್ಟೆರಾಯಿಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಪಕ್ವವಾಗುವುದೆಂದು ವರದಿ ಮಾಡಿದರು. 1980ರಲ್ಲಿ ಜಪಾನಿನ ಫುಜಿವಾರ ಮತ್ತು ಸಂಗಡಿಗರು ಹಸುವಿನ ಶ್ವಾಸಕೋಶದಿಂದ ಪಡೆದ ಸರ್ಫ್ಯಾಕ್ಟೆಂಟನ್ನು ಶಿಶುಗಳ ಶ್ವಾಸನಾಳಕ್ಕೆ ನೇರವಾಗಿ ನೀಡಿ ಯಶಸ್ವಿಯಾದರು. ಇಂದು ಎರಡೂ ಚಿಕಿತ್ಸೆಗಳು ಬಳಕೆಯಲ್ಲಿವೆ.

ಸ್ಟೆರಾಲ್‌ಗಳು

ಕೊಲೆಸ್ಟರಾಲ್‌ನಲ್ಲಿ ಉದ್ದನೆಯ ಕೊಬ್ಬಿನಾಮ್ಲದ ಬದಲು ಒಂದಕ್ಕೊಂದು ಬೆಸೆದ ನಾಲ್ಕು ಉಂಗುರಗಳಿವೆ. ಪ್ರಾಣಿಕೋಶಗಳ ಪೊರೆಗೆ ಬಿಗಿ ಕೊಡುವ ಈ ಅಣುವಿನಿಂದಲೇ ಪಿತ್ತಾಮ್ಲಗಳೂ ಈಸ್ಟ್ರೊಜೆನ್, ಟೆಸ್ಟೊಸ್ಟೆರಾನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳೂ ತಯಾರಾಗುತ್ತವೆ. ದೇಹವು ಇದನ್ನು ತಾನೇ ತಯಾರಿಸಬಲ್ಲದು. ಸಸ್ಯಗಳಲ್ಲಿ ಇದರ ಸ್ಥಾನವನ್ನು ಸಿಟೊಸ್ಟೆರಾಲ್‌ನಂಥ ಬೇರೆ ಸ್ಟೆರಾಲ್‌ಗಳು ತುಂಬುತ್ತವೆ. ಆದಕಾರಣ ಕಡಲೆಕಾಯಿ ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ಬರೆಯುವುದರಲ್ಲಿ ವಿಶೇಷವೇನೂ ಇಲ್ಲ. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಅದು ಗಣನೀಯವಾಗಿರುವುದಿಲ್ಲ.

ಆಹಾರದಲ್ಲಿ

ಕೊಬ್ಬನ್ನು ಪೂರ್ತಿಯಾಗಿ ತೊರೆದ ಆಹಾರ ತಿಂದ ಇಲಿಗಳು ರೋಗಗ್ರಸ್ತವಾಗುವುದನ್ನು 1929ರಲ್ಲಿ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ತೋರಿಸಿದರು. ಲಿನೋಲಿಯಿಕ್ ಮತ್ತು ಆಲ್ಫಾ-ಲಿನೋಲೆನಿಕ್ ಆಮ್ಲಗಳನ್ನು ಮಾನವದೇಹ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಉತ್ತರ ಕರ್ನಾಟಕದಲ್ಲಿ ರೊಟ್ಟಿಯೊಂದಿಗೆ ತಿನ್ನುವ ಅಗಸಿ ಹಿಂಡಿ ಎರಡನೆಯದಕ್ಕೆ ಒಳ್ಳೆಯ ಮೂಲ.

ದ್ರವ ಎಣ್ಣೆಗೆ ಭಾಗಶಃ ಹೈಡ್ರೋಜನ್ ಸೇರಿಸಿ ವನಸ್ಪತಿ ತಯಾರಿಸುವಾಗ ಕೆಲವು ದ್ವಿಬಂಧಗಳು ಟ್ರಾನ್ಸ್ ರೂಪಕ್ಕೆ ತಿರುಗುತ್ತವೆ. ಅಂಥ ಸರಪಳಿ ಬಾಗದೆ, ಪರ್ಯಾಪ್ತ ಕೊಬ್ಬಿನಾಮ್ಲದಂತೆ ಹೆಚ್ಚುಕಡಿಮೆ ನೇರವಾಗಿ ನಿಲ್ಲುತ್ತದೆ. ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಎಲ್‌ಡಿಎಲ್ ಪ್ರಮಾಣವನ್ನು ಹೆಚ್ಚಿಸಿ, ಎಚ್‌ಡಿಎಲ್ ಪ್ರಮಾಣವನ್ನು ತಗ್ಗಿಸಿ ಹೃದ್ರೋಗದ ಅಪಾಯವನ್ನು ಏರಿಸುತ್ತದೆ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದರ ಮಿತಿಯನ್ನು ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ ಶೇಕಡಾ 3ಕ್ಕೂ, 2022ರ ಜನವರಿಯಿಂದ ಶೇಕಡಾ 2ಕ್ಕೂ ಇಳಿಸಿತು.