ತುಪ್ಪ, ಎಣ್ಣೆ, ಎದೆನೋವು: ಒಂದು ಹಳೇ ವ್ಯಾಜ್ಯದ ಕಥೆ

ದಿನಾ ಎರಡು ಹೊತ್ತು ನಮ್ಮ ಹಾಲು ಉತ್ಪಾದಕರ ಸಂಘದ ಬಾಗಿಲಲ್ಲಿ ಕೇಳಿಬರುವ ಮಾತು ಒಂದೇ: "ಇವತ್ತು ಫ್ಯಾಟ್ ಎಷ್ಟು ಬಂತು?" ಮೂರೂವರೆಗಿಂತ ಇಳಿದರೆ ಮುಖ ಬಾಡುತ್ತದೆ. ಎಮ್ಮೆ ಹಾಲು ಹಾಕುವವರಿಗೆ ಏಳು ಬಂದರೆ ಹಿಗ್ಗು. ಅದೇ ಸದಸ್ಯರು ಎದೆ ಹಿಡಿದುಕೊಂಡಿತು ಅಂತ ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದರೆ, ಚೀಟಿಯಲ್ಲಿ ಬರೆದಿರುತ್ತದೆ: ಬೆಣ್ಣೆ ತುಪ್ಪ ಬೇಡ. ನಮಗೆ ದುಡ್ಡು ತರುವುದೂ ಕೊಬ್ಬೇ, ನಾವು ತಿನ್ನಬಾರದ್ದೂ ಕೊಬ್ಬೇ! ಇದೇನ್ರೀ ನ್ಯಾಯ ಅಂತ ಹಿರಿಯ ಸದಸ್ಯರು ಎಷ್ಟೋ ಸಲ ಕೇಳಿದ್ದುಂಟು. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ, ಆ ಮಾತು ಎಲ್ಲಿ ಹುಟ್ಟಿತು, ಹೇಗೆ ನಮ್ಮ ಅಡಿಗೆಮನೆಯವರೆಗೂ ಬಂತು ಎಂಬುದನ್ನು ತಿಳಿದಮಟ್ಟಿಗೆ ಬರೆದಿದ್ದೇವೆ.

1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್‌ಕೋವ್ ಎಂಬ ತರುಣ ವೈದ್ಯರು ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟೆರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ಮೊಲಗಳ ರಕ್ತನಾಳದೊಳಗೆ ಜಿಡ್ಡು ಕಟ್ಟಿಕೊಂಡಿತು. ಸೊಪ್ಪು ತಿನ್ನುವ ಮೊಲಕ್ಕೂ ಮನುಷ್ಯನಿಗೂ ಏನು ಸಂಬಂಧ ಎಂದು ಬಹಳ ಜನ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಹೃದಯಾಘಾತವಾಯಿತು. ಇಡೀ ದೇಶ ಕೊಬ್ಬು, ಕೊಲೆಸ್ಟೆರಾಲ್ ಅಂತ ಮಾತಾಡತೊಡಗಿತು. ದೊಡ್ಡವರಿಗೆ ಬಂದಾಗಲೇ ರೋಗಕ್ಕೂ ಹೆಸರು!

ಆ ಹೊತ್ತಿಗೆ ಮಿನ್ನೆಸೋಟದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ತಮ್ಮ ವಾದ ಮಂಡಿಸಿಯಾಗಿತ್ತು. 1953ರಲ್ಲಿ ಆರು ದೇಶಗಳ ಲೆಕ್ಕ ತೋರಿಸಿ, ಎಲ್ಲಿ ಕೊಬ್ಬು ಹೆಚ್ಚೋ ಅಲ್ಲಿ ಹೃದ್ರೋಗದ ಸಾವೂ ಹೆಚ್ಚು ಎಂದಿದ್ದರು. 22 ದೇಶಗಳ ಅಂಕಿಗಳು ಇದ್ದವಲ್ಲ, ಆರನ್ನೇ ಏಕೆ ಆರಿಸಿದಿರಿ ಎಂದು ಯೆರುಶಾಲ್ಮಿ ಮತ್ತು ಹಿಲ್ಲೆಬೋ ಎಂಬಿಬ್ಬರು 1957ರಲ್ಲಿ ತಗಾದೆ ತೆಗೆದರು. ಕೀಸ್ ಬಿಡಲಿಲ್ಲ. ಮರುವರ್ಷವೇ ಏಳು ದೇಶಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಾನುಗಟ್ಟಲೆ ಗಮನಿಸುವ ಕೆಲಸ ಶುರುವಾಯಿತು. 1961ರಲ್ಲಿ ಅಮೆರಿಕದ ಹೃದಯ ಸಂಘವು ಬೆಣ್ಣೆಯಂಥ ಕೊಬ್ಬು ಕಡಿಮೆ ಮಾಡಿ, ಎಣ್ಣೆ ಬಳಸಿ ಎಂದು ಸಲಹೆ ಕೊಟ್ಟಿತು. ಲಂಡನ್ನಿನ ಜಾನ್ ಯುಡ್ಕಿನ್ ಮಾತ್ರ, ತಪ್ಪು ಬೆಣ್ಣೆಯದಲ್ಲ, ಸಕ್ಕರೆಯದು ಎಂದು 1972ರಲ್ಲಿ ಪುಸ್ತಕವನ್ನೇ ಬರೆದರು. ಅವರ ಮಾತು ಆಗ ನಡೆಯಲಿಲ್ಲ.

ನಮ್ಮ ದೇಶದಲ್ಲೂ ಒಂದು ಸ್ವಾರಸ್ಯದ ಲೆಕ್ಕ ಬಂತು. ಇದನ್ನು ನಮ್ಮವರು ಮರೆತೇಬಿಟ್ಟಿದ್ದಾರೆ. ರೈಲ್ವೆಯ ವೈದ್ಯಾಧಿಕಾರಿ ಎಸ್. ಎಲ್. ಮಲ್ಹೋತ್ರ ಅವರು ಹತ್ತು ಲಕ್ಷಕ್ಕೂ ಮೀರಿದ ರೈಲ್ವೆ ನೌಕರರ ಸಾವಿನ ದಾಖಲೆ ಶೋಧಿಸಿ 1967ರಲ್ಲಿ ಪ್ರಕಟಿಸಿದರು. ತುಪ್ಪ, ಹಾಲು ಧಾರಾಳವಾಗಿ ಉಣ್ಣುವ ಪಂಜಾಬಿನ ಕಡೆಯವರಿಗಿಂತ, ಕಡಿಮೆ ಜಿಡ್ಡು ತಿನ್ನುವ, ಅದನ್ನೂ ಕಡಲೆಕಾಯಿ, ಎಳ್ಳಿನ ಎಣ್ಣೆಯಲ್ಲೇ ತಿನ್ನುವ ದಕ್ಷಿಣದವರಲ್ಲಿ ಹೃದ್ರೋಗದ ಸಾವು ಸುಮಾರು ಏಳು ಪಟ್ಟು ಹೆಚ್ಚಿತ್ತು! ಹಾಗಾದರೆ ತುಪ್ಪ ಕುಡಿಯೋಣವೇ? ಅಷ್ಟು ಅವಸರ ಬೇಡ. ಅದು ಕಾಗದ ನೋಡಿ ಮಾಡಿದ ಲೆಕ್ಕ. ದುಡಿಮೆ, ಬೀಡಿ, ರಕ್ತದೊತ್ತಡ, ಊಟದ ರೀತಿ ಎಲ್ಲ ಬೇರೆಬೇರೆ. ಆದರೂ ಒಂದೇ ತಕ್ಕಡಿಯಲ್ಲಿ ಎಲ್ಲರನ್ನೂ ತೂಗಬಾರದೆಂಬ ಎಚ್ಚರಿಕೆ ಅದರಲ್ಲಿತ್ತು.

ನಮ್ಮಂಥ ಹೈನುಗಾರರಿಗೆ ಹೆಚ್ಚು ತಟ್ಟುವುದು ಫಿನ್‌ಲ್ಯಾಂಡಿನ ಸುದ್ದಿ. ಅಲ್ಲಿನ ಉತ್ತರ ಕರೇಲಿಯಾ ಎಂಬುದು ಹಸು ಸಾಕುವವರ ಸೀಮೆ. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಗಟ್ಟಿ ಹಾಲು, ಜೊತೆಗೆ ವಿಪರೀತ ಸಿಗರೇಟು. ನಡುವಯಸ್ಸಿನ ಗಂಡಸರು ಸಾಲುಸಾಲಾಗಿ ಸಾಯುತ್ತಿದ್ದರು. ಊರಿನವರೇ ಸರ್ಕಾರಕ್ಕೆ ಅರ್ಜಿ ಕೊಟ್ಟರು. 1972ರಲ್ಲಿ ಪೆಕ್ಕ ಪುಸ್ಕ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಯೋಜನೆ ಶುರುವಾಯಿತು. ಬೆಣ್ಣೆ, ಉಪ್ಪು, ಸಿಗರೇಟು ಕಡಿಮೆಯಾದವು, ತರಕಾರಿ ಹೆಚ್ಚಾಯಿತು. ಮುಂದಿನ ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇಕಡಾ 80ಕ್ಕಿಂತ ಹೆಚ್ಚು ಇಳಿಯಿತು. ಬೆಣ್ಣೆ ಬಿಟ್ಟಿದ್ದೊಂದರಿಂದಲೇ ಅಷ್ಟೂ ಆಯಿತು ಎನ್ನಲಾಗದು. ಹಾಲಿನವರ ಗತಿ ಏನು? ಪ್ರತಿಭಟನೆ ಇದ್ದೇ ಇತ್ತು. ಹೈನುಗಾರರು ಬೆರ್ರಿ ಹಣ್ಣು ಬೆಳೆಯುವ ಹಾಗೆ ಮಾಡಲು ಪ್ರತ್ಯೇಕ ಯೋಜನೆಯನ್ನೇ ಹಾಕಬೇಕಾಯಿತು. ಊಟದ ಸಲಹೆ ಕೊಡುವವರು ಉತ್ಪಾದಕನ ಹೊಟ್ಟೆಯನ್ನೂ ನೆನೆದ ಉದಾಹರಣೆ ಇದೊಂದೇ ನಮ್ಮ ಕಣ್ಣಿಗೆ ಬಿದ್ದದ್ದು.

ಇನ್ನು ವನಸ್ಪತಿ. ಎಲ್ಲ ಕಂಪನಿಯದಕ್ಕೂ ಡಾಲ್ಡಾ ಅನ್ನುವುದೇ ನಮ್ಮ ವಾಡಿಕೆ. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ತುಪ್ಪದ ಹಾಗೆ ಹೆಪ್ಪುಗಟ್ಟಿಸಿದ ವಸ್ತು. ತುಪ್ಪಕ್ಕಿಂತ ಅಗ್ಗ, ಮೇಲಾಗಿ 'ಸಸ್ಯಜನ್ಯ' ಎಂಬ ಒಳ್ಳೇ ಹೆಸರು. ಮದುವೆ ಮನೆಯ ಮೈಸೂರುಪಾಕಿನಿಂದ ಬೇಕರಿ ಪಫ್ಸಿನವರೆಗೆ ಅದೇ ನಡೆಯಿತು. ಆದರೆ ಅದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟೆರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು 1990ರಲ್ಲಿ ಹಾಲೆಂಡಿನ ಮೆನ್ಸಿಂಕ್ ಮತ್ತು ಕಾಟಾನ್ ತೋರಿಸಿದರು. ತುಪ್ಪಕ್ಕೆ ಹೆದರಿ ಡಾಲ್ಡಾ ಹಿಡಿದವರು ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ನಮ್ಮ ದೇಶದಲ್ಲಿ ಎಣ್ಣೆ ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2 ಮೀರಬಾರದೆಂಬ ನಿಯಮ ಬಂದದ್ದು 2022ರಲ್ಲಿ. 1990ಕ್ಕೂ 2022ಕ್ಕೂ ನಡುವೆ ಎಷ್ಟು ಮದುವೆಗಳಾದವೋ!

ಬರೀ ಎಣ್ಣೆಯೂ ಸಂಜೀವಿನಿಯಲ್ಲ. ಮಿನ್ನೆಸೋಟದಲ್ಲೇ 1968ರಿಂದ 1973ರವರೆಗೆ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ಪ್ರಯೋಗ ನಡೆದಿತ್ತು. ಬೆಣ್ಣೆಯಂಥ ಕೊಬ್ಬಿನ ಬದಲು ಮೆಕ್ಕೆಜೋಳದ ಎಣ್ಣೆ ಕೊಟ್ಟರು. ಕೊಲೆಸ್ಟೆರಾಲ್ ಇಳಿಯಿತು, ಸಾವು ಇಳಿಯಲಿಲ್ಲ. ಆ ಪ್ರಯೋಗದ ಕಾಗದಪತ್ರಗಳ ಬಹುಭಾಗ ತೀರಿಹೋದ ವಿಜ್ಞಾನಿಯೊಬ್ಬರ ಮನೆಯ ನೆಲಮಾಳಿಗೆಯಲ್ಲಿ ಉಳಿದು, 2016ರಲ್ಲಷ್ಟೇ ಪೂರ್ತಿ ಬೆಳಕಿಗೆ ಬಂತು. ಸಂಘದ ಲೆಕ್ಕಪತ್ರ ಹೀಗಿಟ್ಟಿದ್ದರೆ ಆಡಿಟರು ಸುಮ್ಮನಿರುತ್ತಿದ್ದರೇ?

ಹಾಗೆಂದು ಕೊಲೆಸ್ಟೆರಾಲ್ ಸುಳ್ಳು ಎಂದು ಯಾರೂ ಮಾತ್ರೆ ಬಿಸಾಡಬೇಡಿ. ಅದನ್ನು ಇಳಿಸುವ ಮಾತ್ರೆಯಿಂದ ಹೃದ್ರೋಗಿಗಳ ಸಾವು ಕಡಿಮೆಯಾಗುತ್ತದೆ ಎಂದು 1994ರಲ್ಲಿ 4,444 ರೋಗಿಗಳ ಪರೀಕ್ಷೆಯಲ್ಲಿ ರುಜುವಾತಾಗಿದೆ. ಬೆಣ್ಣೆ ತುಪ್ಪ ಕಡಿಮೆ ಮಾಡಿ ಆ ಜಾಗದಲ್ಲಿ ಎಣ್ಣೆ ಬಳಸಿದರೆ ಸ್ವಲ್ಪ ಅನುಕೂಲ ಎಂದು ಬಹುತೇಕ ತಜ್ಞರು ಹೇಳುತ್ತಾರೆ. ಆ ಜಾಗದಲ್ಲಿ ಸಕ್ಕರೆ, ಮೈದಾ ತಿಂದರೆ ಏನೂ ಪ್ರಯೋಜನವಿಲ್ಲ. ಹಾಲು ಮೊಸರು ಬೆಣ್ಣೆಯಷ್ಟು ತೊಂದರೆಯವಲ್ಲ ಎಂದು ಈಚಿನ ಹಲವು ಅಧ್ಯಯನಗಳು ಹೇಳುತ್ತಿವೆ, ಆದರೆ ಆ ಬಗ್ಗೆ ವಾದ ಇನ್ನೂ ನಡೆದಿದೆ. ಅಲ್ಲಿಯವರೆಗೆ ಎದೆನೋವು ಕಂಡವರು ಡಾಕ್ಟರ ಚೀಟಿಯಂತೆಯೇ ನಡೆಯಬೇಕು. ಮಿಕ್ಕವರ ಮನೆಯಲ್ಲಿ ಮುದ್ದೆಯ ಮೇಲಿನ ಒಂದು ಚಮಚ ತುಪ್ಪದ ಬಗ್ಗೆ ನಾವಂತೂ ತಕರಾರು ಎತ್ತುವುದಿಲ್ಲ.